ಮುಖ ನೋಡಿ ಗುಣ ಹೇಳುವುದಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಮೂಗು, ಹಣೆ, ಹುಬ್ಬು ನೋಡಿ ಮನುಷ್ಯನ ಗುಣ ಹೇಳುತ್ತಾರಲ್ಲ, ಅದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದೇ ತೊಡಕಾಗಿದೆ.

'ಸಾಮುದ್ರಿಕ' ಅಂದರೆ ಜನ ಅಂಗೈ ಚಾಚುತ್ತಾರೆ. ಹಿಂದೆ ಅದು ಇಡೀ ಮೈಗೆ ಸೇರಿದ್ದು. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಗಂಡಸಿನ ಲಕ್ಷಣ ಹೇಳುವಾಗ ಪಾದದಿಂದಲೇ ಶುರು ಮಾಡುತ್ತಾನೆ. 'ಮುಖಚರ್ಯೆ' ಬೇಡವೇ ಬೇಡ. ಅದು ಗಳಿಗೆಗೊಂದು ಥರ.

ನಮ್ಮ ವಿಜಯಪುರದ ಕಡೆ ಮುಖಕ್ಕೆ 'ಮಾರಿ' ಅಂತೀವಿ. 'ಮಾರಿ ಸಣ್ಣದು ಮಾಡ್ಯಾನ', 'ಮಾರಿ ಗಂಟ ಹಾಕ್ಯಾನ' ಇವೆಲ್ಲ ಆ ಹೊತ್ತಿನ ಮಾತು. ಹುಟ್ಟಿನಿಂದ ಬಂದದ್ದಕ್ಕೆ 'ಲಕ್ಷಣ', ಇಲ್ಲಾ 'ಸುಳಿ'. ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ನೋಡಬೇಕು. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಆಮೇಲೆ ಹಣೆಯ ಮೇಲಿನ ಕೂದಲ ಸುಳಿಗೆ ಬೆರಳು ಹೋಗುತ್ತದೆ. ಹಲ್ಲು ವಯಸ್ಸು ಹೇಳುತ್ತದೆ, ಸರಿ. ಸುಳಿ ಏನು ಹೇಳೀತು? ಆದರೂ ಸುಳಿ ಸರಿಯಿಲ್ಲ ಅಂದರೆ ಚೆನ್ನಾಗಿ ದುಡಿಯುವ ಎತ್ತಿಗೂ ರೇಟು ಬೀಳುತ್ತದೆ. ಮನುಷ್ಯರಿಗೂ ಈ ಲೆಕ್ಕ ಬಿಟ್ಟಿಲ್ಲ. ತಲೆಯಲ್ಲಿ ಎರಡು ಸುಳಿ ಇದ್ದರೆ ಎರಡು ಮದುವೆ ಅಂತಾರೆ, ಅಲ್ವಾ?

ಯುರೋಪಿನಲ್ಲಿ ಇದನ್ನು ಜಾಸ್ತಿ ಹಬ್ಬಿಸಿದವನು ಜ್ಯೂರಿಚಿನ ಪಾದ್ರಿ ಲಾವಾಟರ್, 1775ರಿಂದ ಈಚೆಗೆ. ಅವನನ್ನು ನಂಬಿದ್ದ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್, ಡಾರ್ವಿನ್‌ನ ಮೂಗು ನೋಡಿ ಇವನಿಗೆ ಪ್ರಯಾಣದ ಗಟ್ಟಿತನ ಇರಲಾರದು ಅಂದುಕೊಂಡಿದ್ದ. ಡಾರ್ವಿನ್ನನೇ ಇದನ್ನು ಬರೆದಿಟ್ಟಿದ್ದಾನೆ. ಮುಂದೆ 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೋ, ಹುಟ್ಟು ಅಪರಾಧಿಗಳನ್ನು ದವಡೆ, ಕಿವಿಯಿಂದಲೇ ಗುರುತಿಸಬಹುದು ಅಂದ. ಆ ವಾದ ಪರೀಕ್ಷೆಗೆ ನಿಲ್ಲಲಿಲ್ಲ. ಆದರೆ ಮುಖಕ್ಕೆ ಅಪರಾಧ ಅಂಟಿಸುವ ಚಾಳಿ ಇನ್ನೂ ಹೋಗಿಲ್ಲ, ಅದೇ ನನಗೆ ಸಂಕಟ.

ಹಾಗಾಗಿ 'ಮುಖಲಕ್ಷಣ' ಬಳಸಲೂ ಮನಸ್ಸಾಗುತ್ತಿಲ್ಲ. ಲಕ್ಷಣ ಅಂದರೆ ಬರೀ ಗುರುತು. ಜ್ವರದ ಲಕ್ಷಣ, ಮಳೆ ಬರುವ ಲಕ್ಷಣ. ಆದರೆ 'ಹುಡುಗಿ ಲಕ್ಷಣವಾಗಿದ್ದಾಳೆ' ಅಂದಾಗ ಅದು ಚೆಂದ ಆಗುತ್ತದೆ, 'ಅವಲಕ್ಷಣ' ಬೈಗುಳ ಆಗುತ್ತದೆ. ತೀರ್ಪು ಪದದೊಳಗೇ ಕೂತಿದೆ.

ನನಗೆ ಹಿಡಿಸಿದ ಪದ 'ಚಹರೆ'. ಕಾಣೆಯಾದವರ ಪ್ರಕಟಣೆಯ ಚಹರೆ ಪಟ್ಟಿ ನೋಡಿ: ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಅಲ್ಲಿ ಒಳ್ಳೆಯದು ಕೆಟ್ಟದ್ದು ಅಂತಿಲ್ಲ. 'ಚಹರೆ ನೋಡಿ ಗುಣ ಹೇಳುವುದು' ಅಂತ ಬರೆದರೆ ನಿಮಗೆ ಸರಿ ಕೇಳುತ್ತದಾ? ಬೆಳಗಾವಿ, ಬಾಗಲಕೋಟೆ ಕಡೆ ಇದಕ್ಕೆ ಬೇರೆ ಆಡುಮಾತು ಇದ್ದರೆ, ಯಾರು ಯಾವಾಗ ಹಾಗೆ ಅಂತಾರೆ ಅನ್ನುವುದನ್ನೂ ಸೇರಿಸಿ ತಿಳಿಸಿ.