ಒಂಬತ್ತು ವರ್ಷದ ಮೇಲೆ ಅರ್ಧ ದಿನದ ಕೆಲಸ: ಹೋದವರು ಹೇಳಿ

ಮಂಡ್ಯದಿಂದ ಒಬ್ಬರು ಕೇಳಿದ್ದು:

ಅಕ್ಕಂದಿರೇ, ಬಿ.ಕಾಂ. ಮುಗಿಸಿ ಆಡಿಟರ್ ಆಫೀಸಿನಲ್ಲಿದ್ದೆ. ದೊಡ್ಡವಳು ಹುಟ್ಟಿದಾಗ, 2016ರಲ್ಲಿ, ಬಿಟ್ಟೆ. ಈಗ ಚಿಕ್ಕವನೂ ಒಂದನೇ ಕ್ಲಾಸು. ಇಲ್ಲೇ ಒಂದು ಕಡೆ ಹತ್ತರಿಂದ ಎರಡರವರೆಗೆ ಲೆಕ್ಕ ಬರೆಯೋಕೆ ಕರೀತಿದ್ದಾರೆ. ನನಗೆ ಎಲ್ಲ ಮರೆತೇ ಹೋಗಿದೆ ಅನ್ನಿಸುತ್ತೆ. ಮನೇಲಿ ‘ಆ ಸಂಬಳಕ್ಕೆ ಯಾಕೆ ಹೋಗ್ತೀಯ’ ಅಂತಾರೆ. ಏನು ಮಾಡಲಿ?

ಮೈಸೂರು, ಕುವೆಂಪುನಗರದಿಂದ:

ನಾನೂ ಇದೇ ಕೆಲಸದವಳು. ಎಂಟು ವರ್ಷ ಮನೇಲಿದ್ದು 2022ರಲ್ಲಿ ಮತ್ತೆ ಸೇರಿದೆ. ಎಲ್ಲ ಮರೆತಿರಲ್ಲ, ನಂಬಿ. ಡೆಬಿಟ್, ಕ್ರೆಡಿಟ್, ಬ್ಯಾಂಕ್ ಲೆಕ್ಕ ತಾಳೆ ನೋಡೋದು ವಾರದಲ್ಲೇ ಕೈಗೆ ಬಂತು. ನನಗೆ ಗೊತ್ತೇ ಇಲ್ಲದ್ದು ಜಿಎಸ್‌ಟಿ. ನಾನು ಬಿಟ್ಟಾಗ ಮಾರಾಟದ ಮೇಲೆ ವ್ಯಾಟ್ ಅನ್ನೋ ತೆರಿಗೆ ಇತ್ತು, 2017ರ ಜುಲೈ 1ರಿಂದ ಅದೆಲ್ಲ ಬದಲಾಗಿತ್ತು. ಲೆಕ್ಕ ಬರೆಯೋ ಸಾಫ್ಟ್‌ವೇರ್ ಟ್ಯಾಲಿಯೂ ಟ್ಯಾಲಿ ಪ್ರೈಮ್ ಆಗಿ ಬೇರೆ ಥರ ಕಾಣ್ತಿತ್ತು. ನಮ್ಮ ಭಾವನವರ ಅಂಗಡಿಯ ಒಂದು ತಿಂಗಳ ಬಿಲ್ಲುಗಳನ್ನು ತಂದು, ಮಾರಾಟದ ಪಟ್ಟಿ ಜಿಎಸ್‌ಟಿಆರ್-1 ಅನ್ನೋ ರಿಟರ್ನ್‌ಗೆ ಹೇಗೆ ಹೋಗುತ್ತೆ, 3ಬಿ ಅನ್ನೋ ರಿಟರ್ನ್‌ನಲ್ಲಿ ಕಟ್ಟೋ ತೆರಿಗೆ ಹೇಗೆ ಬರುತ್ತೆ ಅಂತ ಹಾಳೆ ಮೇಲೆ ಬರೆದು ಬರೆದು ಕಲಿತೆ. ನೀವೂ ಸೇರೋ ಮುಂಚೆ ಹತ್ತು ದಿನ ಹಾಗೆ ಮಾಡಿ.

ಕಷ್ಟ ಆಗಿದ್ದು ಹೊತ್ತಿನ ವಿಚಾರದಲ್ಲಿ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಕೊನೇ ತಾರೀಖು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಎಂಟನೇ ತಾರೀಖು ಬಂತು ಅಂದ್ರೆ ‘ಇನ್ನೊಂದರ್ಧ ಗಂಟೆ ಇರಮ್ಮಾ’ ಶುರು. ಎರಡೂವರೆಗೆ ಹೊರಡಬೇಕಾದವಳು ನಾಲ್ಕೂವರೆಗೆ ಹೊರಡ್ತಿದ್ದೆ. ಒಂದು ದಿನ ಮಗಳು ಸ್ಕೂಲ್ ಗೇಟಿನ ಹತ್ತಿರ ವಾಚ್‌ಮನ್ ಪಕ್ಕ ಒಂದು ಗಂಟೆ ಕೂತಿದ್ದಳು. ಅವರು ಮಾಡಿದ ಫೋನು ನನಗೆ ಕೇಳಿಸಿರಲಿಲ್ಲ. ಅವಳು ಅಳಲೂ ಇಲ್ಲ, ‘ಬ್ಯಾಗು ಹಿಡ್ಕೋ’ ಅಂದಳು ಅಷ್ಟೇ. ಆ ರಾತ್ರಿ ನನಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ.

ಮಾರನೇ ದಿನ ಸಾರ್ ಹತ್ತಿರ ಹೋಗಿ, ‘8ರಿಂದ 20ರವರೆಗೆ ಬೆಳಗ್ಗೆ ಒಂಬತ್ತಕ್ಕೇ ಬರ್ತೀನಿ, ಆದ್ರೆ ಎರಡೂವರೆಗೆ ಎದ್ದೇ ಏಳ್ತೀನಿ’ ಅಂದೆ. ಒಪ್ಪಿದರು. ಅದನ್ನ ಸೇರಿದ ದಿನವೇ ಹೇಳಬೇಕಿತ್ತು ನಾನು. ಅದಕ್ಕೇ ಹೇಳ್ತಿದ್ದೀನಿ, ಸಂಬಳಕ್ಕೂ ಮುಂಚೆ ಹೊರಡೋ ಹೊತ್ತು ಮಾತಾಡಿ. ದಸರಾ ರಜದ ಮಾತೂ ಈಗಲೇ ಆಗಲಿ. ಸೆಪ್ಟೆಂಬರ್ 30ರೊಳಗೆ ಮುಗಿಸಬೇಕಾದ ಟ್ಯಾಕ್ಸ್ ಆಡಿಟ್ ಗಡಿಬಿಡಿ, ಅದರ ಬೆನ್ನಿಗೇ ಮಕ್ಕಳಿಗೆ ರಜ. ಮೈಸೂರಲ್ಲಿ ನಮಗೆ ಮನೆ ತುಂಬ ನೆಂಟರೂ ಇರ್ತಾರೆ.

ಮದ್ದೂರಿಂದ:

ನಾನು ಮಂಡ್ಯದ ಬಟ್ಟೆ ಅಂಗಡೀಲಿ ಬಿಲ್ಲಿಂಗ್‌ಗೆ ಹೋಗ್ತೀನಿ, ಮಧ್ಯಾಹ್ನದವರೆಗೆ. ತಿಂಗಳಿಗೆ 8,000. ನಮ್ಮನೇಲೂ ಇದೇ ಮಾತು ಬಂತು ಕಣ್ರೀ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಬಸ್ಸಲ್ಲಿ ಆಧಾರ್ ತೋರಿಸಿದ್ರೆ ನಮಗೆ ಟಿಕೆಟ್ ದುಡ್ಡಿಲ್ಲ (ರಾಜಹಂಸಕ್ಕೆ ಹತ್ತಬೇಡಿ, ಅದಕ್ಕೆ ದುಡ್ಡು ಕೊಡಬೇಕು), ಹಾಗಾಗಿ ಬಂದಿದ್ದು ಕೈಯಲ್ಲೇ ಉಳಿಯುತ್ತೆ. ಬಸ್ಸು ಮಾತ್ರ ತುಂಬಿರುತ್ತೆ, ಒಂದು ಬಸ್ಸು ಮುಂಚೇನೇ ಹೊರಡಿ. ಸಂಬಳ ನಿಮ್ಮ ಹೆಸರಿನ ಖಾತೆಗೇ ಬರಲಿ. ಮಗನ ಶೂ ತರೋಕೆ ನಾನು ಯಾರನ್ನೂ ಕೇಳಲಿಲ್ಲ ಈ ಸಲ. ಅದೆಷ್ಟು ಹಗುರ ಅನ್ನಿಸ್ತು ಗೊತ್ತಾ.

ಮೈಸೂರು, ಸರಸ್ವತಿಪುರಂನಿಂದ:

ನಾನು ಅತ್ತೆ ಸ್ಥಾನದವಳಮ್ಮ. ‘ಆ ಸಂಬಳಕ್ಕೆ ಯಾಕೆ’ ಅಂತ ನನ್ನ ಸೊಸೆಗೆ ನಾನೂ ಅಂದಿದ್ದೆ. ಒಳಗೆ ಇದ್ದಿದ್ದು ಸಂಬಳದ ಚಿಂತೆ ಅಲ್ಲ, ಎರಡು ಮಕ್ಕಳ ಹಿಂದೆ ಓಡೋಕೆ ನನ್ನ ಮಂಡಿ ತಡೆಯುತ್ತಾ ಅನ್ನೋ ಭಯ. ಅದನ್ನ ಬಾಯಿಬಿಟ್ಟು ಹೇಳೋಕೆ ನಾಚಿಕೆ. ಅವಳೇ ಒಂದು ಸಂಜೆ ಪಕ್ಕ ಕೂತು, ‘ಅತ್ತೆ, ನಿಮಗೆ ಎಷ್ಟಾಗುತ್ತೆ ಅಷ್ಟು ಹೇಳಿ’ ಅಂತ ಕೇಳಿದಳು. ಮೂರೂವರೆಗೆ ಗೇಟಿನಿಂದ ಕರ್ಕೊಂಡು ಬರೋದು, ಹಾಲು ಕೊಡೋದು ನಂದು ಅಂದೆ. ಹೋಮ್‌ವರ್ಕ್ ಅವಳದು. ಗುರುವಾರ ನನಗೆ ಮಠಕ್ಕೆ ಹೋಗಬೇಕು, ಅವತ್ತು ಮಗ ಆಫೀಸಿಂದ ಬೇಗ ಬರ್ತಾನೆ. ನಿಮ್ಮತ್ತೇನೂ ಹಾಗೇ ಕೇಳಿ ನೋಡಮ್ಮ, ಅಡುಗೆಮನೇಲಿ ನಿಂತುಕೊಂಡು ಬೇಡ, ಕೂತು ಕೇಳು.