ಅಲ್ಗಾಂಕ್ವಿನ್ ಕಾಡಿಗೆ ಬಿ-1 ಮಾತ್ರೆ ಸಾಕೇ?

ದೊಡ್ಡಪ್ಪ (ತೀರ್ಥಹಳ್ಳಿ): *ಫಾರ್ವರ್ಡ್ ಮಾಡಿದ ಸಂದೇಶ:* "ದಿನಕ್ಕೊಂದು ವಿಟಮಿನ್ ಬಿ-1 ಮಾತ್ರೆ, ನಾಲ್ಕು ಎಸಳು ಬೆಳ್ಳುಳ್ಳಿ ತಿಂದರೆ ರಕ್ತ ಹೀರುವ ಯಾವ ಕೀಟವೂ ಹತ್ತಿರ ಸುಳಿಯದು." ರಶ್ಮಿ, ಮೇ ಕೊನೆಯಲ್ಲಿ ಮಗುವನ್ನೂ ಕರೆದುಕೊಂಡು ಕೆನಡಾದ ಅಲ್ಗಾಂಕ್ವಿನ್ ಕಾಡಿನಲ್ಲಿ ಡೇರೆ ಹಾಕುತ್ತೀರಂತೆ. ಮೈಗೆ ರಾಸಾಯನಿಕ ಬಳಿಯುವ ಬದಲು ಇದನ್ನು ಇಂದಿನಿಂದಲೇ ಆರಂಭಿಸಿ.

ಹರೀಶ (ಒಟ್ಟಾವಾ): ದೊಡ್ಡಪ್ಪ, ಬೇಸರಿಸಬೇಡಿ, ಇದನ್ನು ನಂಬಿ ಹೊರಟರೆ ಅವರು ಎರಡನೆಯ ದಿನವೇ ಡೇರೆ ಮಡಚಿಕೊಂಡು ಬರಬೇಕಾಗುತ್ತದೆ. ಬಿ-1 ಮಾತ್ರೆಯಿಂದ ಸೊಳ್ಳೆ ದೂರವಾಗುವುದಿಲ್ಲವೆಂದು ಪ್ರಯೋಗಗಳಲ್ಲೇ ಕಂಡುಬಂದಿದೆ. ಅದೂ ಅಲ್ಲದೆ, ಮೇ ನಡುವಿನಿಂದ ಜೂನ್‌ವರೆಗೆ ಅಲ್ಲಿ ಕಾಡುವುದು ಸೊಳ್ಳೆಯೊಂದೇ ಅಲ್ಲ, ಬ್ಲ್ಯಾಕ್ ಫ್ಲೈ ಕೂಡ. ನಮ್ಮ ನೊರಜಿನಂಥ ಈ ಕುಳ್ಳ ನೊಣ ಕಾಲರಿನೊಳಗೆ, ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ತೆವಳಿ ಹೋಗಿ ಚರ್ಮವನ್ನು ಕೊಯ್ಯುತ್ತದೆ. ಇಂಬಳದ ಹಾಗೆಯೇ ಕಚ್ಚಿದ್ದು ಆಗ ತಿಳಿಯುವುದಿಲ್ಲ, ರಕ್ತ ಇಳಿದ ಮೇಲೆ ತಿಳಿಯುತ್ತದೆ.

ದೊಡ್ಡಪ್ಪ: ಇಂಬಳ, ಉಣುಗುಗಳ ನಡುವೆ ಬೆಳೆದ ನಮಗೆ ನೀನು ಪಾಠ ಹೇಳಬೇಕಾಗಿಲ್ಲ. ಸುಣ್ಣ, ತಂಬಾಕಿನಲ್ಲೇ ನಾವು ಅವನ್ನು ನಿಭಾಯಿಸಿದ್ದೇವೆ.

ಹರೀಶ: ಇಂಬಳಕ್ಕೆ ಸರಿ. ಆದರೆ ಮಂಗನ ಕಾಯಿಲೆಯ ಭಯವಿದ್ದಾಗ ಉಣುಗು ಕಚ್ಚದಿರಲೆಂದು ಆರೋಗ್ಯ ಕೇಂದ್ರದವರು ಕೊಟ್ಟ ಡೆಪಾ ತೈಲವನ್ನು ಹಚ್ಚಿಕೊಂಡೇ ತಾವು ದರಗು ತರಲು ಕಾಡು ಹತ್ತಿದ್ದಲ್ಲವೇ? ಅದೂ ರಾಸಾಯನಿಕವೇ.

ರಶ್ಮಿ (ಟೊರಾಂಟೊ): ಹರೀಶಣ್ಣ, ದೊಡ್ಡಪ್ಪನ ಆತಂಕ ನನಗೂ ಇದೆ. ಪುಟ್ಟನಿಗೆ ಇನ್ನೂ ನಾಲ್ಕು ವರ್ಷ. ಕೀಟ ಓಡಿಸಲು ಮೈಗೆ ಹಚ್ಚುವ ಡೀಟ್ ಎಂಬ ರಾಸಾಯನಿಕವನ್ನು ಹಚ್ಚಬಹುದೇ?

ಹರೀಶ: ಇಲ್ಲಿನ ಆರೋಗ್ಯ ಇಲಾಖೆಯ ಪ್ರಕಾರ ದೊಡ್ಡವರಿಗೆ ಶೇ. 30ರವರೆಗೆ, 2ರಿಂದ 12 ವರ್ಷದ ಮಕ್ಕಳಿಗೆ ಶೇ. 10ರವರೆಗಿನ ಡೀಟ್ ಆಗಬಹುದು, ಅದೂ ಮಕ್ಕಳಿಗೆ ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಡ. ಬೇಡವೆನಿಸಿದರೆ ಶೇ. 20ರ ಇಕಾರಿಡಿನ್ ಎಂಬ ಇನ್ನೊಂದು ಕೀಟ ನಿವಾರಕ ತೆಗೆದುಕೊ, ಅದು ಪ್ಲಾಸ್ಟಿಕ್ಕನ್ನು ಕೆಡಿಸುವುದಿಲ್ಲ. (ಡೀಟ್ ತಾಗಿದ ಕೈಯಲ್ಲಿ ಮುಟ್ಟಿ ನನ್ನ ಕನ್ನಡಕದ ಚೌಕಟ್ಟು ಅಂಟಂಟಾಗಿತ್ತು.) ಆದರೆ ಹಚ್ಚುವುದಕ್ಕಿಂತ ಉಡುವುದೇ ಮುಖ್ಯ. ಕಡುನೀಲಿ, ಕಪ್ಪು ಬಟ್ಟೆ ಬ್ಲ್ಯಾಕ್ ಫ್ಲೈಗಳನ್ನು ಸೆಳೆಯುತ್ತದೆ, ಆದ್ದರಿಂದ ತಿಳಿಬಣ್ಣದ ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತಲೆಗೊಂದು ಬಲೆ ಹಾಕಿಕೊಳ್ಳಿ.

ರಶ್ಮಿ: ನಾವು ಜಾಗ ಆರಿಸಿರುವುದು ಹೊಳೆಯ ದಡದಲ್ಲಿ. ನೀರು ಬಂಡೆಗಳ ನಡುವೆ ಧುಮುಕುವ ಚಿತ್ರ ನೋಡಿಯೇ ಆರಿಸಿದ್ದು.

ಹರೀಶ: ಸೊಳ್ಳೆಗೆ ನಿಂತ ನೀರು ಬೇಕು, ಬ್ಲ್ಯಾಕ್ ಫ್ಲೈ ಹುಟ್ಟುವುದೇ ಹರಿಯುವ ಶುದ್ಧ ನೀರಿನಲ್ಲಿ. ನೀನು ಅವುಗಳ ತೊಟ್ಟಿಲಿನ ಪಕ್ಕದಲ್ಲಿ ಮಲಗುತ್ತಿದ್ದೀಯೆ. ಗಾಳಿ ಬೀಸುವ ಕೆರೆಯಂಚು ಉತ್ತಮ, ಆಗಸ್ಟ್ ಕೊನೆ ಇನ್ನೂ ಉತ್ತಮ. ಡೇರೆಯೊಳಗೆ ಬಂದ ಬ್ಲ್ಯಾಕ್ ಫ್ಲೈ ಕಚ್ಚುವುದನ್ನು ಬಿಟ್ಟು ಮಾಡಿಗೆ ಹತ್ತಿ ಹೊರದಾರಿ ಹುಡುಕುತ್ತದೆ, ಕತ್ತಲಾದರೆ ಸುಮ್ಮನಾಗುತ್ತದೆ, ಆದರೆ ಆ ಹೊತ್ತಿಗೆ ಸೊಳ್ಳೆಯ ಪಾಳಿ ಶುರುವಾಗಿರುತ್ತದೆ.

ದೊಡ್ಡಪ್ಪ: ದಿನಾಂಕ ಬದಲಿಸಿದರೆ ಕಟ್ಟಿದ ಹಣ ಮರಳಿ ಬರುತ್ತದೆಯೇ?

ರಶ್ಮಿ: ಸ್ವಲ್ಪ ಮುರಿದುಕೊಳ್ಳುತ್ತಾರೆ, ದೊಡ್ಡಪ್ಪ. ಆಗಸ್ಟ್‌ಗೆ ಕೆರೆಯ ಬದಿಯಲ್ಲಿ ಜಾಗವಿದೆಯೇ ಎಂದು ಈಗಲೇ ನೋಡುತ್ತೇನೆ.

ದೊಡ್ಡಪ್ಪ: ನೋಡು. ಬೆಳ್ಳುಳ್ಳಿಯಂತೂ ಬಿಡಬೇಡ, ಸಾರಿಗಾದರೂ ಬೇಕಲ್ಲ.