ಕೈಹಿಡಿತದ ಬಲ ಅಳೆಯುವ ಡೈನಮೋಮೀಟರ್ ಇಲ್ಲದೆ ಹಿರಿಯರ ಸ್ನಾಯು ಸವೆತ ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ಸಮುದಾಯ ಆರೋಗ್ಯ ಅಧಿಕಾರಿ, ಸೋಮವಾರಪೇಟೆ ತಾಲ್ಲೂಕು

60 ದಾಟಿದವರ ಬಿಪಿ, ಶುಗರ್ ನೋಡುವ ದಿನವೇ ಸಾರ್ಕೊಪೀನಿಯಾವನ್ನೂ (ವಯಸ್ಸಿನೊಂದಿಗೆ ಬರುವ ಸ್ನಾಯು ಸವೆತ) ಸ್ಕ್ರೀನ್ ಮಾಡಬೇಕೆಂದಿದೆ. ಉಪಕೇಂದ್ರದಲ್ಲಿರುವುದು ಟೇಪು, ಪ್ಲಾಸ್ಟಿಕ್ ಕುರ್ಚಿ, ಮೊಬೈಲಿನ ಸ್ಟಾಪ್‌ವಾಚ್ ಅಷ್ಟೇ. ಅಂಗಳ ಇಳಿಜಾರು, ಒಳಗೆ ನಡಿಗೆ ಪರೀಕ್ಷೆಗೆ ಬೇಕಾದ 6 ಮೀಟರ್ ಜಾಗ ಸಿಗದು. ಸಾರ್ಕ್-ಎಫ್ (ಭಾರ ಎತ್ತುವುದು, ನಡೆಯುವುದು, ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಬೀಳುವುದರ ಬಗ್ಗೆ ಐದು ಪ್ರಶ್ನೆಗಳ ಪಟ್ಟಿ) ಪ್ರಶ್ನೆ ಕೇಳಿದರೆ ತೋಟದ ಲೈನ್ ಮನೆಗಳ ಅಜ್ಜಿಯರು ಎಲ್ಲಕ್ಕೂ "ತೊಂದರೆ ಇಲ್ಲ" ಅನ್ನುತ್ತಾರೆ, ಅಂಕ 0 ಇಲ್ಲವೇ 1. ಅದನ್ನು ನಂಬಬಹುದೇ?

ಉತ್ತರ 1: ಫಿಸಿಯೋಥೆರಪಿಸ್ಟ್, ಮಡಿಕೇರಿ

ನಂಬಬೇಡಿ. ಸಾರ್ಕ್-ಎಫ್‌ನಲ್ಲಿ 10ಕ್ಕೆ 4 ಅಥವಾ ಹೆಚ್ಚು ಬಂದರೆ ಅನುಮಾನ ಗಟ್ಟಿ. ಕಡಿಮೆ ಬಂದರೆ ಮಾತ್ರ ಏನೂ ಹೇಳಲಾಗದು, ಆರಂಭದ ಸವೆತ ಅದರ ಕಣ್ಣಿಗೆ ಬೀಳುವುದಿಲ್ಲ. ಕೇಳುವ ರೀತಿಯನ್ನೂ ಬದಲಿಸಿ. "4.5 ಕೆಜಿ ಎತ್ತುತ್ತೀರಾ" ಅನ್ನುವ ಬದಲು "ಅರ್ಧ ಬಕೆಟ್ ನೀರು ಎತ್ತಿಕೊಂಡು ಬರ್ತೀರಾ" ಅನ್ನಿ. ಹತ್ತು ಮೆಟ್ಟಿಲಿನ ಪ್ರಶ್ನೆಗೆ ರಸ್ತೆಯಿಂದ ಮನೆಗೆ ಹತ್ತುವ ಮೆಟ್ಟಿಲನ್ನೇ ತೋರಿಸಿ.

ಏಷ್ಯಾದವರಿಗೆಂದು 2019ರಲ್ಲಿ ಪರಿಷ್ಕರಿಸಿದ ಮಾನದಂಡದಲ್ಲಿ ಮೀನಖಂಡದ ಸುತ್ತಳತೆ ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಮುಂದಿನ ಪರೀಕ್ಷೆ ಬೇಕು. ಕೂರಿಸಿ, ಪಾದ ನೆಲಕ್ಕೆ ಊರಿ, ಮಂಡಿ 90 ಡಿಗ್ರಿ ಬಾಗಿರಲಿ. ಹಿಗ್ಗದ ಟೇಪನ್ನು ಮೇಲೆ ಕೆಳಗೆ ಸರಿಸಿ ಅತಿ ದಪ್ಪನೆಯ ಜಾಗ ಹುಡುಕಿ, ಚರ್ಮ ಒತ್ತದಂತೆ ಓದಿ. ಎರಡೂ ಕಾಲು ಅಳೆದು ದೊಡ್ಡ ಅಂಕಿ ಬರೆಯಿರಿ. ಪಂಚೆ, ಪ್ಯಾಂಟಿನ ಮೇಲೆ ಅಳೆಯಲೇಬೇಡಿ.

ನಡಿಗೆ ಪರೀಕ್ಷೆಗೆ ಸಮತಟ್ಟು ನೆಲ ಇಲ್ಲದಿದ್ದರೆ ಬಿಟ್ಟುಬಿಡಿ, ಇಳಿಜಾರಿನ ಅಂಕಿ ದಾರಿ ತಪ್ಪಿಸುತ್ತದೆ. ಕುರ್ಚಿ ಪರೀಕ್ಷೆ ಸಾಕು: ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ "ಸಾರ್ಕೊಪೀನಿಯಾ ಇರಬಹುದು" ಎಂದು ಲೆಕ್ಕ. ಕೆಲಸ ಕೆಡುವುದು ಕುರ್ಚಿಯಿಂದಲೇ. ಕೈ ಇರುವ, ಬಾಗುವ ಪ್ಲಾಸ್ಟಿಕ್ ಕುರ್ಚಿ ಬೇಡ. ಸುಮಾರು 43ರಿಂದ 45 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ. ಕೈ ಎದೆಯ ಮೇಲೆ ಕಟ್ಟಿಸಿ, ಮೊದಲು ಒಮ್ಮೆ ಎದ್ದು ತೋರಿಸಲು ಹೇಳಿ. ಕೈ ಊರದೆ ಆಗದಿದ್ದರೆ ಅಲ್ಲೇ ನಿಲ್ಲಿಸಿ, "ಆಗಲಿಲ್ಲ" ಎಂದು ಬರೆಯಿರಿ. ಆ ಒಂದು ಪದವೂ ಫಲಿತಾಂಶವೇ. ಐದನೇ ಸಲ ಪೂರ್ತಿ ನೆಟ್ಟಗೆ ನಿಂತ ಕ್ಷಣ ಗಡಿಯಾರ ನಿಲ್ಲಿಸಿ. ಒಬ್ಬರು ನಿಂತಾಗ, ಇನ್ನೊಬ್ಬರು ಕೂತಾಗ ನಿಲ್ಲಿಸಿದರೆ ಹೋಲಿಕೆ ಹಾಳು.

ಉತ್ತರ 2: ವೈದ್ಯಾಧಿಕಾರಿ, ವಿರಾಜಪೇಟೆ ತಾಲ್ಲೂಕು

ಟೇಪು ಹಿಡಿಯುವ ಮೊದಲು ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ. ಗುಳಿ ಉಳಿದರೆ ಸುತ್ತಳತೆ ಲೆಕ್ಕಕ್ಕಿಲ್ಲ, ಬಾವು ಸವೆತವನ್ನು ಮುಚ್ಚಿಬಿಡುತ್ತದೆ. ಬಿಪಿಗೆ ಅಮ್ಲೋಡಿಪಿನ್ ನುಂಗುವವರಲ್ಲಿ ಕಾಲು ಬಾತಿರುವುದು ಸಾಮಾನ್ಯ. ಬೊಜ್ಜಿನವರಲ್ಲೂ ಇದೇ ಮೋಸ, ಅವರಿಗೆ ಕುರ್ಚಿ ಪರೀಕ್ಷೆಯೇ ಆಧಾರ.

ಮಂಡಿ ನೋವಿಂದ ನಿಧಾನವಾದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಎದೆನೋವು, ತಲೆಸುತ್ತು, ಹೊಸದಾಗಿ ಒಂದೇ ಬದಿಯ ಕಾಲು ಸೋತಿರುವುದು ಕಂಡರೆ ಪರೀಕ್ಷೆ ಬೇಡ, ಕೂಡಲೇ ಕಳಿಸಿ. ತಿಂಗಳುಗಳಲ್ಲಿ ತೂಕ ಇಳಿದವರಿಗೆ ಟಿಬಿ, ಶುಗರ್, ಥೈರಾಯ್ಡ್ ನೋಡದೆ "ವಯಸ್ಸಾಯ್ತು" ಅನ್ನಬಾರದು.

ಪ್ರಶ್ನೆ ಕೇಳಿದವರು

ಧನ್ಯವಾದ ಡಾಕ್ಟ್ರೇ. 12 ಸೆಕೆಂಡ್ ದಾಟಿದವರಿಗೆ ಅಂದೇ ಏನು ಹೇಳಿ ಕಳಿಸಲಿ?

ಉತ್ತರ 3: ಪಥ್ಯಾಹಾರ ತಜ್ಞೆ, ಗೋಣಿಕೊಪ್ಪ

ಸ್ನಾಯುವಿನ ಪ್ರಮಾಣ ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ ಕಾಯುವುದು ಬೇಡ, ಉತ್ತರ 1ರಲ್ಲಿ ಹೇಳಿದ 2019ರ ಮಾನದಂಡವೂ ಈ ಹಂತದಲ್ಲೇ ಊಟ, ವ್ಯಾಯಾಮ ಶುರುಮಾಡಿ ಅನ್ನುತ್ತದೆ. ಪ್ರೊಟೀನ್ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 50 ಕೆಜಿಯವರಿಗೆ 50ರಿಂದ 60 ಗ್ರಾಂ. ಕಿಡ್ನಿ ಕಾಯಿಲೆ ಇದ್ದವರಿಗೆ ಡಾಕ್ಟರನ್ನು ಕೇಳಿಯೇ ಹೇಳಿ. ಬೆಳಿಗ್ಗೆ ಅಕ್ಕಿರೊಟ್ಟಿ, ಕಾಫಿ, ಮಧ್ಯಾಹ್ನ ಅನ್ನ ಸಾರು ಅಂದರೆ ಅರ್ಧವೂ ತುಂಬದು. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ, 200 ಮಿ.ಲೀ. ಹಾಲಿಗೂ 30 ಗ್ರಾಂ ಹುರುಳಿಕಾಳಿಗೂ ಹೆಚ್ಚುಕಡಿಮೆ ಅಷ್ಟೇ. ಹಬ್ಬದ ದಿನದ ಪಂದಿಕರಿಯಿಂದ ವಾರದ ಲೆಕ್ಕ ಸರಿಹೋಗದು, ಮೂರು ಹೊತ್ತಿಗೂ ಹಂಚಬೇಕು. ಹಲ್ಲಿಲ್ಲದವರಿಗೆ ಹುರುಳಿಯನ್ನು ಬೇಯಿಸಿ ಅರೆದು ಕೊಡಿ.

ಉತ್ತರ 1ರವರು ಮತ್ತೆ

ವ್ಯಾಯಾಮಕ್ಕೆ ಅದೇ ಕುರ್ಚಿ. ಎದ್ದು ಕೂರುವುದು 8ರಿಂದ 10 ಸಲ, ನಡುವೆ ವಿಶ್ರಾಂತಿ ಕೊಟ್ಟು 2 ಸುತ್ತು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದೂ ಅಷ್ಟೇ. ವಾರಕ್ಕೆ 3 ದಿನ, ಉಸಿರು ಬಿಗಿಹಿಡಿಯದೆ. ಸಲೀಸಾದರೆ ಸುತ್ತು ಹೆಚ್ಚಿಸಿ. ಮಳೆಗಾಲದಲ್ಲಿ ಹೊರಗಿನ ಓಡಾಟ ನಿಲ್ಲುವುದರಿಂದ ಮೊದಲ ಅಳತೆ ಮೇ ತಿಂಗಳೊಳಗೆ ಮುಗಿಸಿ. 12 ವಾರದ ನಂತರ ಅದೇ ಕುರ್ಚಿಯಲ್ಲಿ ಮತ್ತೆ ಅಳೆಯಿರಿ. ಗುರುತಿಗೆ ಅದರ ಕಾಲಿಗೆ ಬಣ್ಣ ಹಚ್ಚಿಡಿ.